ಕುಂಚ, ಬಿದಿರು, ಬಂಡೆ: ಹಳೆಯ ಚೀನೀ ಲಿಪಿಶೈಲಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಚಿನ್ ಚಕ್ರವರ್ತಿ ಇಡೀ ದೇಶಕ್ಕೆ ಒಂದೇ ಲಿಪಿ ತಂದನಂತೆ. ಹಾನ್ ಕಾಲದ ಹೊತ್ತಿಗೆ ಅದು ಮೂಲೆ ಸೇರಿದ್ದೇಕೆ?
– ಚಿತ್ರಕಲಾ ವಿದ್ಯಾರ್ಥಿನಿ, ಕಲಬುರಗಿ

ಕ್ರಿ.ಪೂ. 221ರಲ್ಲಿ ದೇಶ ಒಂದಾದಾಗ ಮಂತ್ರಿ ಲೀ ಸಿಯ ಸಲಹೆಯಂತೆ ಜಾರಿಗೆ ಬಂದದ್ದು ‘ಶ್ಯಾವ್‌ಝ್ವಾನ್’, ಅಂದರೆ ಚಿಕ್ಕ ಮುದ್ರಾಲಿಪಿ. ಗೆರೆಯ ದಪ್ಪ ಉದ್ದಕ್ಕೂ ಒಂದೇ, ತಿರುವುಗಳೆಲ್ಲ ದುಂಡು, ಅಕ್ಷರದ ಎತ್ತರ ಅಗಲಕ್ಕಿಂತ ಹೆಚ್ಚು. ಬಂಡೆಯ ಮೇಲೆ ಇದರ ಗತ್ತೇ ಬೇರೆ. ಆದರೆ ತೆರಿಗೆ, ಕೈದಿ, ಧಾನ್ಯದ ಲೆಕ್ಕ ಬರೆಯುವ ಗುಮಾಸ್ತನಿಗೆ ಪ್ರತಿ ತಿರುವಿನಲ್ಲೂ ಕುಂಚವನ್ನು ನಿಧಾನವಾಗಿ ಹೊರಳಿಸುವಷ್ಟು ಪುರುಸೊತ್ತು ಎಲ್ಲಿ? ಒಂದು ಸೆಂಟಿಮೀಟರಿಗೂ ಕಿರಿದಾದ ಬಿದಿರಿನ ಪಟ್ಟಿಯ ಮೇಲೆ ಅವನು ದುಂಡನ್ನು ಮುರಿದು ಮೂಲೆ ಮಾಡಿದ, ಉದ್ದ ಬಾಗುಗೆರೆಯನ್ನು ಎರಡು ತುಂಡು ಮಾಡಿದ. ಹುಟ್ಟಿದ್ದು ‘ಲೀಶು’, ಗುಮಾಸ್ತರ ಲಿಪಿ.

ಚೆಂಗ್ ಮ್ಯಾವ್ ಎಂಬಾತ ಸೆರೆಮನೆಯಲ್ಲಿ ಕೂತು ಇದನ್ನು ಕಂಡುಹಿಡಿದ ಎಂಬ ಕಥೆಯನ್ನು ಕಥೆಯಾಗಿಯೇ ಓದಿ. ಸಿಚುವಾನಿನ ಚಿಂಗ್‌ಚ್ವಾನ್‌ನಲ್ಲಿ ಸಿಕ್ಕ ಕ್ರಿ.ಪೂ. 309ರ ಮರದ ಹಲಗೆಯಲ್ಲೇ ಈ ಮುರಿತ ಶುರುವಾಗಿದೆ. ಆಗಿನ್ನೂ ಸಾಮ್ರಾಜ್ಯವೇ ಇರಲಿಲ್ಲ. ಹೂಬೆ ಪ್ರಾಂತ್ಯದ ಶುಯಿಹುದಿಯಲ್ಲಿ 1975ರಲ್ಲಿ ಅಗೆದ ಸಮಾಧಿಯ ಸಾವಿರಕ್ಕೂ ಹೆಚ್ಚು ಬಿದಿರು ಪಟ್ಟಿಗಳಲ್ಲಿ ಚಿನ್ ಕಾನೂನುಗಳೇ ಈ ಅವಸರದ ಬರವಣಿಗೆಯಲ್ಲಿವೆ. ಅಂದರೆ ಸರ್ಕಾರ ಮುದ್ರಾಲಿಪಿಯನ್ನು ಸಾರುತ್ತಿದ್ದಾಗಲೇ ಸರ್ಕಾರದ ಕಚೇರಿಗಳು ಬೇರೆಯದನ್ನು ಬರೆಯುತ್ತಿದ್ದವು!

ಲೀಶು ಗೌರವದ ಲಿಪಿಯಾದದ್ದು ಪೂರ್ವ ಹಾನ್ ಕಾಲದಲ್ಲಿ (ಕ್ರಿ.ಶ. 25–220). ಕ್ರಿ.ಶ. 175ರಲ್ಲಿ ಆರಂಭವಾದ ಶೀಪಿಂಗ್ ಶಿಲಾಗ್ರಂಥಗಳನ್ನು, ಅಂದರೆ ಕಲ್ಲಿಗೇರಿಸಿದ ಕನ್ಫ್ಯೂಷಿಯನ್ ಗ್ರಂಥಗಳನ್ನು, ಕೆತ್ತಿದ್ದೂ ಇದರಲ್ಲೇ. ಅಷ್ಟು ಹೊತ್ತಿಗೆ ಕೈಬರಹ ಮತ್ತೆ ಮುಂದೆ ಓಡಿತ್ತು: ಲಿಪಿಕಾರ ಝಾಂಗ್ ಝಿಯ ಹೆಸರಿನೊಂದಿಗೆ ಬೆಸೆದಿರುವ ತ್ಸಾವ್‌ಶು ಎಂಬ ಓಟದ ಲಿಪಿ, ಬಳಿಕ ಝೋಂಗ್ ಯಾವ್ (151–230) ಕೈಯಲ್ಲಿ ರೂಪ ಪಡೆದ ಕಾಯ್‌ಶು, ಅಂದರೆ ಇಂದಿಗೂ ಬಳಕೆಯಲ್ಲಿರುವ ಪ್ರಮಾಣ ಲಿಪಿ.

ಪ್ರಶ್ನೆ: ಸನ್ನತಿಯ ಅಶೋಕನ ಶಾಸನಕ್ಕೂ ಚಿನ್ ಶಿಲಾಲೇಖಗಳಿಗೂ ಸಂಬಂಧವಿದೆಯೇ?
– ಓದುಗರು, ಚಿತ್ತಾಪುರ

ಎರಡೂ ಕ್ರಿ.ಪೂ. 3ನೇ ಶತಮಾನದವು, ಅಷ್ಟೆ. ಅಶೋಕನ ಶಾಸನದ ಬ್ರಾಹ್ಮಿ ಉಚ್ಚಾರವನ್ನು ಬರೆಯುವ ಲಿಪಿ. ಚೀನೀ ಅಕ್ಷರ ಪದದ ಘಟಕವನ್ನು ಸೂಚಿಸುತ್ತದೆ. ಒಂದರಿಂದ ಇನ್ನೊಂದು ಬಂದದ್ದಲ್ಲ.

ಪ್ರಶ್ನೆ: ಗಿರಾಕಿಯೊಬ್ಬರು ಬಿದ್ರಿ ತಟ್ಟೆ ಮ್ಯಾಲೆ ಹಳೇ ಚೀನೀ ಅಕ್ಷರ ಬೇಕಂತಾರ. ಯಾವ ಶೈಲಿ ತಗೋಬೇಕ್ರಿ?
– ಕುಶಲಕರ್ಮಿ, ಬೀದರ್

ತಾರಕಶಿ, ಅಂದರೆ ತಂತಿ ಕೂರಿಸುವ ಕೆಲಸ, ಮಾಡುವಿರಾದರೆ ಕಣ್ಣು ಮುಚ್ಚಿ ಮುದ್ರಾಲಿಪಿ ಆರಿಸಿ. ಬೆಳ್ಳಿತಂತಿಯ ದಪ್ಪ ಬದಲಾಗುವುದಿಲ್ಲ, ಆ ಲಿಪಿಯ ಗೆರೆಯದೂ ಇಲ್ಲ. ಮೈಲುತುತ್ತ ಸವರಿ ಕಪ್ಪಾದ ಮೇಲ್ಮೈಯಲ್ಲಿ ಗುರುತು ಮಾಡುವಾಗ ಎರಡು ಗೆರೆಗಳ ನಡುವೆ ಕನಿಷ್ಠ ತಂತಿಯ ದಪ್ಪದಷ್ಟಾದರೂ ಜಾಗ ಬಿಡಿ. ಸತುವಿನ ಎರಕ ಪೆಡಸು. ತೆಳ್ಳಗಿನ ಗೋಡೆ ಉಳಿದರೆ ತಂತಿ ಬಡಿಯುವಾಗ ಚೂರು ಹಾರುತ್ತದೆ. ಲೀಶು ಬೇಕೇ ಬೇಕೆಂದರೆ ತೆಹನಿಶಾನ್ ದಾರಿ ಹಿಡಿದು ಬೆಳ್ಳಿ ತಗಡು ಕತ್ತರಿಸಿ ಕೂರಿಸಿ. ಅದರ ಉಬ್ಬುವ ಗೆರೆತುದಿ ತಂತಿಗೆ ಒಗ್ಗದು.

ಎರಡು ಎಚ್ಚರ. ಮುದ್ರೆಯ ಮುಖದ ಫೋಟೋದಿಂದ ನಕಲು ಮಾಡಿದರೆ ಅಕ್ಷರ ಎಡಬಲ ತಿರುಗುಮುರುಗಾಗುತ್ತದೆ. ಕಾಗದದ ಮೇಲಿನ ಒತ್ತನ್ನೇ ನೋಡಿ. 1950ರ ದಶಕದಲ್ಲಿ ಸರಳಗೊಳಿಸಿದ ಅಕ್ಷರಗಳನ್ನು ಕಂಪ್ಯೂಟರ್ ಫಾಂಟಿನಲ್ಲಿ ‘ಮುದ್ರಾಲಿಪಿ’ ಮಾಡಿಸಿದರೆ ಬಲ್ಲವರು ನಗುತ್ತಾರೆ. ಶು ಶೆನ್ ಕ್ರಿ.ಶ. 100ರಲ್ಲಿ ಮುಗಿಸಿದ ‘ಶುವೋವೆನ್ ಜಿಯೆಝಿ’ ನಿಘಂಟಿನಲ್ಲಿ 9,353 ಅಕ್ಷರಗಳಿವೆ. ರೂಪವನ್ನು ಅಲ್ಲಿ ತಾಳೆ ನೋಡಿ.

ಪ್ರಶ್ನೆ: ಲೀಶು ಅಭ್ಯಾಸ ಮಾಡುತ್ತಿದ್ದೇನೆ. ಅಡ್ಡಗೆರೆಯ ತುದಿ ಪ್ರತಿ ಸಲ ಮುದ್ದೆಯಾಗುತ್ತದೆ.
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

‘ರೇಷ್ಮೆಹುಳದ ತಲೆ, ಹೆಬ್ಬಾತಿನ ಬಾಲ’ ಎನ್ನುವ ಗೆರೆ ಅದು. ಬಲಕ್ಕೆ ಹೋಗಬೇಕಾದ ಗೆರೆಯನ್ನು ಮೊದಲು ಕೂದಲೆಳೆಯಷ್ಟು ಎಡಕ್ಕೆ ಒತ್ತಿ, ತುದಿಯನ್ನು ಒಳಗೆ ಮಡಚಿಕೊಂಡು ಹೊರಡಿ. ಮೂರರಲ್ಲಿ ಎರಡು ಭಾಗ ಒಂದೇ ಒತ್ತಡ. ನಂತರ ಕೆಳಗೆ ಒತ್ತಿ, ನಿಲ್ಲದೆ ಬಲಮೇಲಕ್ಕೆ ಎತ್ತುತ್ತಾ ಹೊರಬನ್ನಿ. ಮುದ್ದೆಯಾಗುವುದು ಒತ್ತಿದ ಜಾಗದಲ್ಲಿ ಕುಂಚ ನಿಂತಾಗ, ಇಲ್ಲವೇ ಶಾಯಿ ಹೆಚ್ಚಾದಾಗ. ಅದ್ದಿದ ಮೇಲೆ ಬಟ್ಟಲಿನ ಅಂಚಿಗೆ ಎರಡೂ ಬದಿ ಒರೆಸಿಕೊಳ್ಳಿ. ಒಂದು ಅಕ್ಷರಕ್ಕೆ ಒಂದೇ ಬಾಲ. ಉಳಿದ ಅಡ್ಡಗೆರೆಗಳು ಮೊಂಡಾಗಿ ಮುಗಿಯಲಿ. ಹೊಸಬರು ಎಲ್ಲಕ್ಕೂ ಬಾಲ ಹಚ್ಚಿ ಅಕ್ಷರವನ್ನು ಕೆಡಿಸುತ್ತಾರೆ.

ಮಾದರಿಗೆ ಮೃದುವಾದ ತ್ಸಾವ್ ಛ್ಯುವಾನ್ ಶಿಲೆ (185) ಒಳ್ಳೆಯದು. ಝಾಂಗ್ ಛಿಯಾನ್ ಶಿಲೆಯ (186) ಚೌಕುಳಿ ಗೆರೆ ಆಮೇಲೆ ಇರಲಿ. ಅದರಲ್ಲಿ ಉಳಿಯ ಪಾಲೆಷ್ಟು, ಕುಂಚದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಐದಾರು ಸೆಂಟಿಮೀಟರ್ ಅಕ್ಷರಕ್ಕೆ ಮೇಕೆಕೂದಲು ಬೆರೆತ ಮಿಶ್ರ ಕುಂಚ ಸಾಕು. ನಮ್ಮ ಕಡೆಯ ಬೇಸಿಗೆಯಲ್ಲಿ ಶಾಯಿ ಬಟ್ಟಲಲ್ಲೇ ಮಂದವಾಗಿ ಗೆರೆ ತುಂಡಾಗುತ್ತದೆ: ಫ್ಯಾನ್ ನಿಲ್ಲಿಸಿ, ಸ್ವಲ್ಪಸ್ವಲ್ಪವೇ ಶಾಯಿ ಸುರಿದುಕೊಳ್ಳಿ, ದಪ್ಪಗಾದರೆ ಒಂದೆರಡು ಹನಿ ನೀರು ಬೆರೆಸಿ. ಮುಗಿದ ಕೂಡಲೇ ತಣ್ಣೀರಿನಲ್ಲಿ ಬುಡದವರೆಗೆ ತೊಳೆದು, ತುದಿ ಕೆಳಗಾಗಿ ತೂಗುಹಾಕಿ. ಶಾಯಿಯ ಅಂಟು ಬುಡದಲ್ಲಿ ಒಣಗಿದರೆ ತುದಿ ಎರಡಾಗಿ ಸೀಳುತ್ತದೆ.