ಶೇವಿಂಗ್ ಕನ್ನಡಿಯಲ್ಲಿ ಹತ್ತಿರ ಹೋದರೆ ಮುಖ ದೊಡ್ಡದು, ದೂರ ಸರಿದರೆ ತಲೆಕೆಳಗು. ಯಾಕೆ?

ಅದು ಒಳಬಾಗಿದ ಕನ್ನಡಿ, ಅಂದರೆ ನಿಮ್ನ ದರ್ಪಣ. ದೂರದಿಂದ ನೇರವಾಗಿ, ಸಮಾನಾಂತರವಾಗಿ ಬರುವ ಕಿರಣಗಳು ಅದರಲ್ಲಿ ಪ್ರತಿಫಲಿಸಿ ಕೂಡುವ ಜಾಗವೇ ಸಂಗಮ ಬಿಂದು. ನೀವು ಅದರ ಒಳಗಿದ್ದೀರಾ, ಹೊರಗಿದ್ದೀರಾ ಅನ್ನೋದೇ ಮುಖ್ಯ.

ಸಂಗಮ ದೂರ, ಅಂದರೆ ಕನ್ನಡಿಯಿಂದ ಆ ಬಿಂದುವಿಗಿರುವ ದೂರ, 30 ಸೆಂ.ಮೀ. ಅಂತಿಟ್ಟುಕೊಳ್ಳಿ. ಮುಖ 20 ಸೆಂ.ಮೀ. ದೂರದಲ್ಲಿದ್ದರೆ ತಿರುಗಿ ಬರುವ ಕಿರಣಗಳು ಎಲ್ಲೂ ಕೂಡುವುದಿಲ್ಲ, ಹರಡುತ್ತಲೇ ಹೋಗುತ್ತವೆ. ಕಣ್ಣಿಗೆ ಅವು ಕನ್ನಡಿಯ ಹಿಂದೆ 60 ಸೆಂ.ಮೀ. ದೂರದಿಂದ ಬಂದಂತೆ ಕಾಣುತ್ತವೆ. 60ನ್ನು 20ರಿಂದ ಭಾಗಿಸಿ: ವರ್ಧನೆ 3. ಮುಖ ನೆಟ್ಟಗೆ, ಮೂರು ಪಟ್ಟು ದೊಡ್ಡದು. ಮೊಡವೆಯೂ ಅಷ್ಟೇ, ಅಲ್ವಾ!

90 ಸೆಂ.ಮೀ.ಗೆ ಸರಿದರೆ ಕಿರಣಗಳು ಕನ್ನಡಿಯ ಮುಂದೆಯೇ, 45 ಸೆಂ.ಮೀ. ದೂರದಲ್ಲಿ ಕೂಡುತ್ತವೆ. ಪ್ರತಿಬಿಂಬ ಅರ್ಧದಷ್ಟು, ತಲೆಕೆಳಗು. 30ರಿಂದ 60ರ ನಡುವೆ ನಿಂತರೆ ಬರೀ ಮಸುಕು. ಆಗ ಕಿರಣಗಳು ಕೂಡಬೇಕಾದ ಜಾಗ ನಿಮ್ಮ ತಲೆಯ ಹಿಂದಿರುತ್ತದೆ.

ಬೈಕಿನ ಕನ್ನಡಿ ಹೊರಬಾಗಿದ್ದು. ಅದರಲ್ಲಿ ಯಾವಾಗಲೂ ನೆಟ್ಟಗೆ, ಚಿಕ್ಕದಾಗಿಯೇ ಕಾಣುತ್ತದೆ.