ರಕ್ಷಣೆಗೆ ತಾರೀಖು ಬೇಕೇ?

ಹಾಸನ ಜಿಲ್ಲೆಯ ಸಹೋದರಿಯೊಬ್ಬರ ಪತ್ರದ ಸಾರಾಂಶ: “ಮಗುವಾಗಿದ್ದಾಗಲೇ ನನಗೆ ದೀಕ್ಷಾಸ್ನಾನವಾಗಿದೆ. ಬೆಳೆದ ಮೇಲೆ ಆ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ದೃಢೀಕರಣವೂ ಆಗಿದೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ಪ್ರತಿಯೊಬ್ಬರೂ ತಾವು ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಹೊಂದಿದ ತಾರೀಖು ಹೇಳಿ ಸಾಕ್ಷಿ ಕೊಡುತ್ತಾರೆ. ನನಗೆ ಅಂಥ ತಾರೀಖಿಲ್ಲ. ಉಜ್ಜೀವನ ಕೂಟಗಳಲ್ಲಿ, ಕ್ರಿಸ್ತನನ್ನು ಒಪ್ಪಿಕೊಳ್ಳುವವರು ಕೈಯೆತ್ತಿ ಎಂದಾಗ, ನಾಲ್ಕು ಸಲ ಕೈಯೆತ್ತಿ, ಅತ್ತು ಪ್ರಾರ್ಥಿಸಿದ್ದೇನೆ. ವಾರ ಕಳೆಯುವಷ್ಟರಲ್ಲಿ ಮನಸ್ಸು ಮತ್ತೆ ಒಣಗುತ್ತದೆ. ಅವ್ವನ ಎರಡೆಳೆ ಸರವನ್ನು ನಾನು ಇಟ್ಟುಕೊಂಡೆನೆಂದು ತಂಗಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ. ನಾನು ನಿಜವಾಗಿ ದೇವರ ಕಡೆಗೆ ತಿರುಗಿದ್ದೇನೆಯೇ? ಇನ್ನೊಮ್ಮೆ ಕೈಯೆತ್ತಬೇಕೇ?”

ಪ್ರಿಯ ಸಹೋದರಿ,

ಕೈಯೆತ್ತುವುದು ಬೇಡ. ನಾಲ್ಕು ಸಲವೂ ನೀವು ನೋಡಿದ್ದು ನಿಮ್ಮ ಮನಸ್ಸಿನೊಳಗೆ: ಕಣ್ಣೀರು ಬಂತೇ, ಎದೆ ತುಂಬಿತೇ, ನಂಬಿಕೆ ಗಟ್ಟಿಯಾಗಿದೆಯೇ ಎಂದು. ಒಳಗೆ ನೋಡುತ್ತಾ ಕುಳಿತರೆ ಐದನೆಯ ಸಲವೂ ಅಷ್ಟೇ. ರಕ್ಷಿಸುವವನು ಕ್ರಿಸ್ತನು. ನಮ್ಮ ನಂಬಿಕೆಯ ಬಿಸಿ ರಕ್ಷಿಸುವುದಿಲ್ಲ.

ಮೆಥಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರನ್ನೇ ತೆಗೆದುಕೊಳ್ಳಿ. ಹಳೆ ಮೈಸೂರಿನ ಅನೇಕ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಬೇರು ವೆಸ್ಲಿಯನ್ ಮಿಷನ್‌ನಲ್ಲಿದೆ, ಆದ್ದರಿಂದ ಅವರು ನಮಗೆ ಹೊರಗಿನವರಲ್ಲ. 1728ರಲ್ಲೇ ಗುರುದೀಕ್ಷೆ ಪಡೆದವರು. ಆಕ್ಸ್‌ಫರ್ಡಿನಲ್ಲಿ ಉಪವಾಸ, ಸೆರೆಮನೆ ಭೇಟಿ, ಕರ್ತನ ಭೋಜನ ಒಂದನ್ನೂ ತಪ್ಪಿಸದವರು. 1735ರಲ್ಲಿ ಸುವಾರ್ತೆ ಸಾರಲು ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. 1736ರ ಜನವರಿಯಲ್ಲಿ ನಡುಗಡಲಿನ ಬಿರುಗಾಳಿಗೆ ಹಡಗಿನ ದೊಡ್ಡ ಹಾಯಿ ಹರಿದುಹೋಯಿತು. ಉಳಿದವರು ಕಿರುಚಾಡುತ್ತಿದ್ದಾಗ ಜರ್ಮನಿಯ ಮೊರಾವಿಯನ್ ಎಂಬ ಕ್ರೈಸ್ತ ಪಂಗಡದ ವಿಶ್ವಾಸಿಗಳು ಕೀರ್ತನೆ ಹಾಡುತ್ತಲೇ ಇದ್ದರು. ಅವರ ಹೆಂಗಸರು ಮಕ್ಕಳಿಗೂ ಇಲ್ಲದ ಸಾವಿನ ಭಯ ತಮಗಿದೆಯಲ್ಲ ಎಂಬುದು ವೆಸ್ಲಿಯವರನ್ನು ಕೊರೆಯತೊಡಗಿತು.

1738ರ ಮೇ 24ರ ಸಂಜೆ, ಮನಸ್ಸಿಲ್ಲದ ಮನಸ್ಸಿನಿಂದ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟಕ್ಕೆ ಹೋದರು. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಒಂಬತ್ತಕ್ಕೆ ಇನ್ನು ಕಾಲು ಗಂಟೆ ಇರುವಾಗ ತಮ್ಮ ಹೃದಯ ಬೆಚ್ಚಗಾಯಿತೆಂದು ಅವರು ದಿನಚರಿಯಲ್ಲಿ ಬರೆದರು. ಸಭೆಗಳಲ್ಲಿ ನಾವು ಕೇಳುವುದು ಇಷ್ಟನ್ನೇ. ಮುಂದಿನ ಮಾತನ್ನು ಬಿಟ್ಟುಬಿಡುತ್ತೇವೆ: ರಕ್ಷಣೆಗಾಗಿ ಕ್ರಿಸ್ತನೊಬ್ಬನನ್ನೇ ನಂಬಿದೆನೆಂದೂ, ಆತನು ತಮ್ಮ ಪಾಪಗಳನ್ನು, ಹೌದು, ತಮ್ಮ ಪಾಪಗಳನ್ನೇ ತೆಗೆದುಹಾಕಿದನೆಂಬ ಭರವಸೆ ಸಿಕ್ಕಿತೆಂದೂ ಅಲ್ಲಿದೆ. ತಿರುಳು ಅದು. ಅಂದು ರಾತ್ರಿಯೇ ಶೋಧನೆಗಳು ಮುತ್ತಿದವು. 1739ರ ಜನವರಿ 4ರಂದು ಅದೇ ದಿನಚರಿಯಲ್ಲಿ, ನಾನು ಈಗಲೂ ಕ್ರೈಸ್ತನಲ್ಲ ಎಂದು ಬರೆದುಕೊಂಡರು! ಅಷ್ಟು ಪ್ರಸಿದ್ಧ ತಾರೀಖು ಇದ್ದವರಿಗೂ ಆ ತಾರೀಖು ಊರುಗೋಲಾಗಲಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆರೆಯಿರಿ. ಫಿಲಿಪ್ಪಿ ಪಟ್ಟಣದ ಸೆರೆಮನೆಯ ಅಧಿಕಾರಿ ಭೂಕಂಪದ ನಡುರಾತ್ರಿ ನಡುಗುತ್ತಾ ಬಂದು ನಂಬಿದ. ಅದೇ ಪಟ್ಟಣದಲ್ಲಿ, ಧೂಮ್ರವರ್ಣದ ವಸ್ತ್ರ ಮಾರುತ್ತಿದ್ದ ಲುದ್ಯಳು ನದೀತೀರದಲ್ಲಿ ಕುಳಿತು ವಾಕ್ಯ ಕೇಳುತ್ತಿದ್ದಾಗ ಕರ್ತನು ಸದ್ದಿಲ್ಲದೆ ಅವಳ ಹೃದಯವನ್ನು ತೆರೆದನು. ಪೌಲನ ಜೊತೆಗಾರ ತಿಮೊಥೆಯ ನಂಬಿಕೆಯಂತೂ ಅಜ್ಜಿ, ತಾಯಿಯರ ಮನೆಯಲ್ಲೇ ಬೆಳೆಯಿತು, ತಾರೀಖೇ ಇಲ್ಲ. ಕೂಟದಲ್ಲಿ ನಿಮ್ಮ ಸರದಿ ಬಂದಾಗ ಈಗ ಯಾರನ್ನು ನಂಬಿದ್ದೀರಿ ಎಂಬುದನ್ನು ಹೇಳಿ, ಸಾಕು. ಇನ್ನೊಬ್ಬರ ಸಾಕ್ಷಿಯನ್ನು ಅಳತೆಗೋಲು ಮಾಡಿಕೊಂಡು ಬಹಳ ಜನ ಸೋಲುತ್ತಾರೆ.

ಈಗ ಮಾಡಬೇಕಾದದ್ದು. ರೋಮಾಪುರದ ಪತ್ರಿಕೆಯಲ್ಲಿ 16 ಅಧ್ಯಾಯಗಳಿವೆ, ದಿನಕ್ಕೊಂದರಂತೆ ಓದಿ. 1ರ 18ರಿಂದ 3ರ 20ರವರೆಗೆ ನಿಮ್ಮ ಪಾಪದ ವಿಚಾರಣೆ ನಡೆಯುತ್ತದೆ. ಅಲ್ಲಿ ಓದು ನಿಲ್ಲಿಸಿದವರು ಹೆದರಿಕೆಯಲ್ಲೇ ಉಳಿಯುತ್ತಾರೆ. ನಿಲ್ಲಬೇಕಾದದ್ದು ಕ್ರಿಸ್ತನ ಮೂಲಕ ಉಚಿತವಾಗಿ ಸಿಗುವ ಬಿಡುಗಡೆಯನ್ನು ಹೇಳುವ 3ರ 21ರಿಂದ 26ರಲ್ಲಿ. ಆ ಆರು ವಚನಗಳನ್ನು ಗಟ್ಟಿಯಾಗಿ, ಎರಡು ಮೂರು ಸಲ ಓದಿ.

ಪ್ರಾರ್ಥನೆಯಲ್ಲಿ “ನಾನು ಪಾಪಿ” ಎಂದು ಒಟ್ಟಾಗಿ ಹೇಳಿ ಮುಗಿಸಬೇಡಿ. ಅದು ಯಾರಿಗೂ ನೋಯುವುದಿಲ್ಲ, ಹಾಗಾಗಿ ಏನನ್ನೂ ಬದಲಿಸುವುದಿಲ್ಲ. “ಕರ್ತನೇ, ಅವ್ವನ ಸರ ಇಬ್ಬರಿಗೂ ಸೇರಿದ್ದು, ನಾನು ಬಚ್ಚಿಟ್ಟೆ, ತಂಗಿಯ ಮೇಲೆ ಇಲ್ಲದ್ದನ್ನು ಹೇಳಿದೆ” ಎಂದು, ನಡೆದದ್ದೇ ಹಾಗಿದ್ದರೆ, ಹಾಗೆಯೇ ಹೇಳಿ. ಆಮೇಲೆ, ಈ ಪಾಪಕ್ಕೂ ಯೇಸು ಸತ್ತನು, ನನಗಾಗಿ ಎದ್ದನು, ಆತನೇ ನನ್ನ ಕರ್ತನು ಎಂದು ಬಾಯಿಬಿಟ್ಟು ಒಪ್ಪಿಕೊಳ್ಳಿ. ರೋಮಾ 10ರ 9 ಕೇಳುವುದು ಇಷ್ಟನ್ನೇ.

ಇದಾದ ಮೇಲೆ ತಂಗಿಯ ಮನೆಗೆ ಹೋಗಿ. ಈ ಕ್ರಮ ತಲೆಕೆಳಗಾಗದಿರಲಿ. ಸರ ಕೊಟ್ಟರೆ ದೇವರು ಕ್ಷಮಿಸಿಯಾನು ಎಂದು ಹೊರಟರೆ ಅದು ವ್ಯಾಪಾರ. ಅವಳು ಬಾಗಿಲು ತೆರೆಯದಿದ್ದರೆ ನಿಮ್ಮ ನಂಬಿಕೆಯೂ ಬೀಳುತ್ತದೆ. ಸುಂಕ ವಸೂಲಿಯ ಜಕ್ಕಾಯನ ಮನೆಗೆ ಯೇಸು ಮೊದಲು ಬಂದನು, ಅನ್ಯಾಯವಾಗಿ ಕಿತ್ತುಕೊಂಡದ್ದರ ನಾಲ್ಕರಷ್ಟು ಹಿಂದಿರುಗಿಸುವ ಮಾತು ಆಮೇಲೆ ಬಂತು. ಹೋದಾಗ “ನೀನೂ ಅಂದಿದ್ದೆಯಲ್ಲ” ಎಂದು ಸೇರಿಸಬೇಡಿ. ನಿಮ್ಮ ತಪ್ಪನ್ನಷ್ಟೇ ಹೇಳಿ ಬನ್ನಿ. ಅವಳಿಗೆ ಸಮಯ ಬೇಕಾಗಬಹುದು.

ಒಣ ದಿನಗಳು ಮತ್ತೆ ಬರುತ್ತವೆ. ಕೋಪ ಮರುಕಳಿಸಿದರೆ, ಪಾಪವನ್ನು ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1ರ 9ನ್ನು ಹಿಡಿದು ಆ ದಿನವೇ ಅರಿಕೆಮಾಡಿ ಎದ್ದೇಳಿ, ಮೊದಲಿನಿಂದ ಕ್ರೈಸ್ತರಾಗಬೇಕಾಗಿಲ್ಲ. ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಂಡರೆ ಸರಿಹೋಗುತ್ತದೆ ಎಂದು ಯಾರಾದರೂ ಅವಸರಪಡಿಸಿದರೆ ಮೊದಲು ನಿಮ್ಮ ಸಭಾಪಾಲಕರ ಜೊತೆ ಕುಳಿತು ಮಾತಾಡಿ. ಇನ್ನೊಂದು ಮಾತು: ಆ ಒಣಗುವಿಕೆಯ ಜೊತೆ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದಾದರೆ ವೈದ್ಯರನ್ನೂ ಕಾಣಿ. ಅದನ್ನು ಅವಿಶ್ವಾಸವೆಂದು ಎಣಿಸಬೇಡಿ.

– ಸಂಪಾದಕರು