ಆಟದ ಅಂಚೆ: ಆರ್ಮರ್ ಕೀ ಎತ್ತುವ ಮುಂಚೆ

ಪ್ರಶ್ನೆ: ಅಂಕಲ್, ರಜೆಯಲ್ಲಿ ರೆಸಿಡೆಂಟ್ ಈವಿಲ್ ಎಂಬ ವಿಡಿಯೋ ಗೇಮ್ ಸರಣಿಯ ಮೊದಲ ಆಟದ ಹೊಸ ರೂಪ ಆಡುತ್ತಿದ್ದೇನೆ. ಬಂಗಲೆಯಲ್ಲಿ ಆರ್ಮರ್ ಕೀ ಕಣ್ಣೆದುರಿಗೇ ಇದೆ. ಎತ್ತಿಕೊಂಡ ತಕ್ಷಣ ಕಬ್ಬಿಣದ ಕವಚ ತೊಟ್ಟ ಬೊಂಬೆ ಬ್ಲೇಡ್ ತಿರುಗಿಸುತ್ತಾ ಬಂದು ಸಾಯಿಸುತ್ತದೆ. ಎಷ್ಟು ಓಡಿದರೂ ಅಷ್ಟೇ. ಆಟದಲ್ಲೇ ಏನೋ ತಪ್ಪಿದೆ ಅಲ್ವಾ?
— ಕಾಲೇಜು ವಿದ್ಯಾರ್ಥಿನಿ, ಸಕಲೇಶಪುರ

ಉತ್ತರ: ಆಟದಲ್ಲಿ ತಪ್ಪಿಲ್ಲ ಕಣಮ್ಮ. ಕೈ ಬೀಸಿಕೊಂಡು ಹೋಗಿ ಕೀ ಎತ್ತುತ್ತಿದ್ದೀಯ, ಅದಕ್ಕೇ ಹೀಗಾಗುತ್ತಿದೆ.

ನಾನು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವನು. ಸ್ಟೋರಿನ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಹೊಸ ಕತ್ತಿ ಬೇಕು ಅಂತ ಯಾರಾದರೂ ಬಂದರೆ ಹಳೇ ಕತ್ತಿ ತಂದು ಇಡಬೇಕು. ಹಳೇದು ಮುರಿದು ಹೋಗಿದ್ದರೂ ಸರಿ, ಹಿಡಿಯನ್ನಾದರೂ ತೋರಿಸಬೇಕು. ಒಂದು ಇಡದೆ ಒಂದು ಹೊರಗೆ ಹೋಗುವ ಹಾಗಿಲ್ಲ. ನೀನು ಆಡುತ್ತಿರುವ ಬಂಗಲೆಯೂ ಇದೇ ಲೆಕ್ಕದಲ್ಲಿ ನಡೆಯುತ್ತದೆ.

ಮೊದಲು ಗೋಡೆಯ ಮೇಲಿನ ಶಾಟ್‌ಗನ್ ನೆನಪು ಮಾಡಿಕೋ. ಅದನ್ನು ಸುಮ್ನೆ ತೆಗೆದುಕೊಂಡು ಹೊರಟರೆ ಪಕ್ಕದ ಕೋಣೆಯ ಛಾವಣಿ ಕೆಳಗಿಳಿಯುತ್ತದೆ. ಆ ಜಾಗದಲ್ಲಿ ಮುರಿದ ಶಾಟ್‌ಗನ್ ತೂಗುಹಾಕಿದರೆ ಮನೆ ಗಪ್‌ಚುಪ್. ಆಮೇಲೆ ಪಿಯಾನೋ ಇರುವ ಕೋಣೆ. ಆಟದ ನಾಯಕಿ ಜಿಲ್ ಅಲ್ಲಿ ಬೀಥೋವನ್‌ನ ಮೂನ್‌ಲೈಟ್ ಸೊನಾಟಾ ನುಡಿಸಿದರೆ ಗೋಡೆ ತೆರೆದು ಒಳಗೆ ಚಿನ್ನದ ಲಾಂಛನ ಕಾಣುತ್ತದೆ. ಅದನ್ನು ಕಿತ್ತರೆ ಗೋಡೆ ಮುಚ್ಚಿಕೊಳ್ಳುತ್ತದೆ. ಊಟದ ಕೋಣೆಯ ಬೆಂಕಿಗೂಡಿನ ಮೇಲಿದ್ದ ಮರದ ಲಾಂಛನ ತಂದು ಆ ಜಾಗಕ್ಕೆ ಇಟ್ಟರೆ ಮಾತ್ರ ಹೊರಗೆ ಬರಬಹುದು. ಚಿನ್ನದ್ದನ್ನು ಬೆಂಕಿಗೂಡಿನ ಮೇಲೆ ಕೂರಿಸಿದರೆ ಅಲ್ಲಿನ ದೊಡ್ಡ ಗಡಿಯಾರದ ಕಡೆಯಿಂದ ಶೀಲ್ಡ್ ಕೀ ಸಿಗುತ್ತದೆ. ಅದು ಅಟ್ಟದ ಬಾಗಿಲಿನದು. ಅಟ್ಟದಲ್ಲಿ ದೈತ್ಯ ಹಾವು ಕಾದು ಕೂತಿದೆ, ಗುಂಡು ತುಂಬಿಕೊಂಡೇ ಹತ್ತು.

ಎರಡೂ ಕಡೆ ಆಟ ಹೇಳಿದ್ದು ಒಂದೇ ಮಾತು. ಆರ್ಮರ್ ಕೀಗೂ ಅದೇ. ಹಾಗಾದರೆ ಕೀ ಜಾಗದಲ್ಲಿ ಏನಿಡಬೇಕು? ಇನ್ನೊಂದು ಕೀ, ನಕಲಿಯದು. ಅದು ನಾಯಿಯ ಕತ್ತಿನಲ್ಲಿದೆ!

ನಾಯಿ ಕರೆಯುವ ಸೀಟಿ ಸಿಕ್ಕಿದ ಮೇಲೆ ಮೇಲಿನ ಮಹಡಿಯ ಟೆರೇಸಿಗೆ ಹೋಗಿ ಊದು. ನಾಯಿಗಳು ನುಗ್ಗುತ್ತವೆ. ಕತ್ತಿಗೆ ಪಟ್ಟಿ ಕಟ್ಟಿರುವ ನಾಯಿಯೇ ನಿನಗೆ ಬೇಕಾದದ್ದು. ಅದು ಬಿದ್ದ ಮೇಲೆ ಪಟ್ಟಿ ತೆಗೆದುಕೋ. ಇಲ್ಲೇ ಜಾಸ್ತಿ ಜನ ಎಡವುವುದು. ಪಟ್ಟಿ ಸಿಕ್ಕಿತಲ್ಲ ಅಂತ ಸಾಮಾನು ಇಡುವ ಪೆಟ್ಟಿಗೆಗೆ ಹಾಕಿ ಮರೆಯುತ್ತಾರೆ. ಬ್ಯಾಗ್ ತೆರೆದು ಪಟ್ಟಿಯನ್ನು ಪರೀಕ್ಷಿಸು, ತಿರುಗಿಸಿ ನೋಡು, ನಾಣ್ಯ ಸಿಗುತ್ತದೆ. ಆ ನಾಣ್ಯವನ್ನೂ ತಿರುಗಿಸಿ ನೋಡು, ಅದು ನಕಲಿ ಕೀ ಆಗುತ್ತದೆ. ಈಗ ಹೋಗಿ ನಕಲಿ ಇಟ್ಟು ಅಸಲಿ ಎತ್ತು. ಬೊಂಬೆ ಅಲ್ಲಾಡುವುದಿಲ್ಲ.

ಈ ಬಂಗಲೆಯ ಕಥೆಯೂ ಹಾಗೇ ಇದೆ. ಸ್ಪೆನ್ಸರ್ ಅನ್ನುವ ಸಾಹುಕಾರ ಇದನ್ನು ಜಾರ್ಜ್ ಟ್ರೆವರ್ ಎಂಬ ವಾಸ್ತುಶಿಲ್ಪಿ ಕೈಲಿ ಕಟ್ಟಿಸುತ್ತಾನೆ. ಗುಟ್ಟು ಹೊರಗೆ ಹೋಗಬಾರದು ಅಂತ ಕೊನೆಗೆ ಕಟ್ಟಿದವನನ್ನೇ ಒಳಗೆ ಕೂಡಿಹಾಕುತ್ತಾನೆ. ಅವನೇ ಮಾಡಿದ ಬೀಗಗಳು, ಅವನಿಗೇ ದಾರಿ ಸಿಗಲಿಲ್ಲ. ಟ್ರೆವರ್ ಬರೆದಿಟ್ಟ ಹಾಳೆಗಳು ಆಟದಲ್ಲಿ ಸಿಗುತ್ತವೆ. ಅವಸರ ಮಾಡದೆ ಓದು. ನನಗೆ ಆಟದಲ್ಲಿ ಎದ್ದು ಬರುವ ಹೆಣಗಳಿಗಿಂತ (ಜೋಂಬಿಗಳಿಗಿಂತ) ಜಾಸ್ತಿ ಮೈ ಜುಮ್ಮೆನಿಸಿದ್ದು ಆ ಹಾಳೆಗಳು.

ಪ್ರಶ್ನೆ: ಅದೇ ಆಟ, ನಾನು ಅದರ ಇನ್ನೊಬ್ಬ ನಾಯಕ ಕ್ರಿಸ್ ಆಗಿ ಆಡುತ್ತಿದ್ದೇನೆ. ಬ್ಯಾಗಿನಲ್ಲಿ ಜಾಗವೇ ಸಾಲುವುದಿಲ್ಲ. ಕೀ ಬಿಸಾಡಬಹುದಾ ಸರ್?
— ಮೊಬೈಲ್ ಅಂಗಡಿಯಾತ, ಅರಸೀಕೆರೆ

ಉತ್ತರ: ಕ್ರಿಸ್‌ಗೆ 6 ಜಾಗ, ಜಿಲ್‌ಗೆ 8. ಅದಕ್ಕೇ ಕಷ್ಟ. ಬಿಸಾಡುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಒಂದು ಕೀ ಸೇರುವ ಬಾಗಿಲುಗಳೆಲ್ಲ ತೆರೆದ ಮೇಲೆ ಆಟವೇ ಕೇಳುತ್ತದೆ, ಇದು ಇನ್ನು ಬೇಡ, ಬಿಸಾಡಲಾ ಅಂತ. ಕಣ್ಣುಮುಚ್ಚಿ ಹೂಂ ಅನ್ನಿ. ಕೇಳಲಿಲ್ಲ ಅಂದರೆ ಎಲ್ಲೋ ಒಂದು ಬಾಗಿಲು ಉಳಿದಿದೆ ಅಂತ ಅರ್ಥ, ಮ್ಯಾಪ್ ತೆಗೆದು ಹುಡುಕಿ. ಅಲ್ಲಿಯವರೆಗೆ ಕೀ ಪೆಟ್ಟಿಗೆಯಲ್ಲಿರಲಿ. ಒಂದು ಪೆಟ್ಟಿಗೆಗೆ ಹಾಕಿದ್ದು ಎಲ್ಲಾ ಪೆಟ್ಟಿಗೆಯಲ್ಲೂ ಸಿಗುತ್ತದೆ. ಹೆಲ್ಮೆಟ್ ಕೀ ಮಾತ್ರ ಬಂಗಲೆಯೊಳಗೆ ಹುಡುಕಬೇಡಿ. ಅದು ಹೊರಗಿನ ಗಾರ್ಡ್‌ಹೌಸಿನಲ್ಲಿ, ಆ ರಾಕ್ಷಸ ಗಿಡ ಸತ್ತ ಮೇಲೆ ಸಿಗುತ್ತದೆ.

ಇನ್ನೊಂದು ಮಾತು. ಟೈಪ್‌ರೈಟರಿನಲ್ಲಿ ಸೇವ್ ಮಾಡಲು ಇಂಕ್ ರಿಬ್ಬನ್ ಬೇಕು, ಅದೂ ಎಣಿಸಿ ಕೊಟ್ಟದ್ದು. ನಮ್ಮ ಕಡೆ ಆಷಾಢದ ಮಳೆಯಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಗಾಳಿ ಜೋರಾದರೆ ಜಿಪುಣತನ ಬಿಟ್ಟು ಸೇವ್ ಮಾಡಿ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ದೆವ್ವದ ಬಂಗಲೆ ಆಟ ಬೇಕು ಅಂತ ಹಠ. ಹೆದರದೆ ಆಡುವಂಥದ್ದು ಇದೆಯಾ?
— ಗೃಹಿಣಿ, ತರೀಕೆರೆ

ಉತ್ತರ: ಲೂಯಿಜೀಸ್ ಮ್ಯಾನ್ಶನ್ ಕೊಡಿಸಿ. 2001ರಲ್ಲಿ ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್ ಎಂಬ ಆಟದ ಯಂತ್ರಕ್ಕೆ ಬಂದದ್ದು, 2018ರಲ್ಲಿ ಅವರದೇ ಕೈಯಲ್ಲಿ ಹಿಡಿದು ಆಡುವ 3ಡಿಎಸ್‌ಗೂ ಬಂತು. ಮಾರಿಯೋನ ತಮ್ಮ ಲೂಯಿಜಿ ದೆವ್ವಗಳನ್ನು ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದುಕೊಳ್ಳುತ್ತಾನೆ. ಕೋಣೆಯ ದೆವ್ವಗಳು ಖಾಲಿಯಾದರೆ ದೀಪ ಹತ್ತುತ್ತದೆ, ಎಷ್ಟೋ ಕಡೆ ಪೆಟ್ಟಿಗೆಯೊಂದು ಬಂದು ಅದರಲ್ಲಿ ಕೀ ಇರುತ್ತದೆ. ಆ ಕೀ ಯಾವ ಬಾಗಿಲಿನದು ಅಂತ ಮ್ಯಾಪಿನಲ್ಲೇ ತೋರಿಸುತ್ತದೆ, ಹುಡುಗ ತಡಕಾಡಬೇಕಿಲ್ಲ. ಕೆಲವು ಸುಳ್ಳು ಬಾಗಿಲುಗಳಿವೆ. ತೆರೆಯಲು ಹೋದರೆ ಲೂಯಿಜಿಯನ್ನು ಗೋಡೆಗೆ ಅಪ್ಪಳಿಸುತ್ತವೆ. ಮಕ್ಕಳು ಅದಕ್ಕೇ ಬಿದ್ದು ಬಿದ್ದು ನಗುತ್ತಾರೆ.

ಪ್ರಶ್ನೆ: ಇಂಥ ಬಂಗಲೆ ಆಟಗಳು ಎಲ್ಲಿಂದ ಶುರುವಾದವು?
— ನಿವೃತ್ತ ಮೇಷ್ಟ್ರು, ಕಡೂರು

ಉತ್ತರ: ಮೇಷ್ಟ್ರೇ, ರೆಸಿಡೆಂಟ್ ಈವಿಲ್‌ನ ಬೇರು ಹುಡುಕಿದರೆ ಜಪಾನಿನ ಕ್ಯಾಪ್‌ಕಾಮ್ ಕಂಪನಿ 1989ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕೆ ಮಾಡಿದ ಸ್ವೀಟ್ ಹೋಮ್ ಸಿಗುತ್ತದೆ. ಹಾಳು ಬಂಗಲೆಗೆ ಐದು ಜನ ಹೋಗುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ವಸ್ತು: ಲೈಟರ್, ಔಷಧದ ಪೆಟ್ಟಿಗೆ, ಕ್ಯಾಮೆರಾ, ವ್ಯಾಕ್ಯೂಮ್ ಕ್ಲೀನರ್. ಬೀಗ ತೆರೆಯುವ ಕೀ ಎಮಿ ಎಂಬ ಹುಡುಗಿಯ ಹತ್ತಿರ. ಅಲ್ಲಿ ಸತ್ತವರು ಮತ್ತೆ ಬರುವುದಿಲ್ಲ. ಎಮಿ ಸತ್ತರೆ ಉಳಿದವರು ಕೀ ಬದಲಿಗೆ ಒಂದು ತಂತಿ ಹುಡುಕಿಕೊಂಡು, ಅದರಲ್ಲೇ ಬೀಗ ತೆರೆಯುತ್ತಾ ಮುಂದೆ ಹೋಗಬೇಕು.